ಕಂತು ಮಳೆ ನೋಡುವುದಿಲ್ಲ

(ಕೋಲಾರ ಜಿಲ್ಲೆಯ ಹೋಬಳಿಯೊಂದರಲ್ಲಿ ನಡೆದ ರೈತ ಅಧ್ಯಯನ ಶಿಬಿರದಲ್ಲಿ ಆಡಿದ ಮಾತುಗಳು. ಶಿಬಿರಕ್ಕೆ ಬರಲಾಗದ ಓದುಗರಿಗೆ ಅನುಕೂಲವಾಗಲೆಂದು ಲೆಕ್ಕಗಳನ್ನು ಬಿಡಿಸಿ ಬರೆದಿದ್ದೇನೆ.)



ಬೆಳೆಗೆ ಬೆಲೆ ಬೇಕು ಎಂದು ನಾವು ಬಹಳ ಸಲ ಮಾತಾಡಿದ್ದೇವೆ. ಮುಂದೆಯೂ ಮಾತಾಡುತ್ತೇವೆ, ಅದನ್ನು ಬಿಡುವ ಹಾಗಿಲ್ಲ. ಆದರೆ ಇವತ್ತು ನಾನು ಹೇಳಬೇಕೆಂದಿರುವುದು ವಿಧಾನಸೌಧದ ಲೆಕ್ಕವಲ್ಲ, ನಮ್ಮ ನಮ್ಮ ಮನೆಯ ಪಡಸಾಲೆಯಲ್ಲಿ ಕೂತು ಹಾಕಬೇಕಾದ ಲೆಕ್ಕ. ಸಾಲ ನಮ್ಮ ಮನೆಗೆ ಎರಡು ಬಾಗಿಲಿಂದ ಬರುತ್ತದೆ. ಒಂದು, ಬೆಳೆ ಕೈಕೊಟ್ಟಾಗ. ಇನ್ನೊಂದು, ಯಂತ್ರ ಕೊಂಡಾಗ. ಈ ಎರಡೂ ಬಾಗಿಲು ಒಂದೇ ವರ್ಷ ತೆರೆದುಕೊಂಡರೆ ಆ ಮನೆ ಉಳಿಯುವುದು ಕಷ್ಟ.

ಪಟ್ಟಣದ ಕಾಮರ್ಸ್ ಕಾಲೇಜುಗಳಲ್ಲಿ ಹುಡುಗರಿಗೆ ಎರಡು ಪಾಠ ಹೇಳಿಕೊಡುತ್ತಾರೆ. ಎರಡು ಯಂತ್ರಗಳಲ್ಲಿ ಯಾವುದು ಅಗ್ಗ ಎಂದು ಅಳೆಯುವುದು ಹೇಗೆ ಎಂಬುದು ಒಂದು. ಹತ್ತು ಕಡೆ ಹಾಕಿದ ಹಣದ ಅಪಾಯವನ್ನು ಅಳೆಯುವುದು ಹೇಗೆ ಎಂಬುದು ಇನ್ನೊಂದು. ಕಾರ್ಖಾನೆಯವರಿಗೂ ಷೇರುಪೇಟೆಯವರಿಗೂ ಬೇಕಾದ ವಿದ್ಯೆ ಅದು ಎಂದು ನಾವು ಆ ಕಡೆ ತಿರುಗಿ ನೋಡುವುದಿಲ್ಲ. ನಿಜ ಏನಪ್ಪಾ ಅಂದರೆ, ಆ ಎರಡು ಪಾಠ ಅವರಿಗಿಂತ ಹೆಚ್ಚಾಗಿ ನಮಗೆ ಬೇಕು. ಇದಕ್ಕೆ ದೊಡ್ಡ ಓದು ಬೇಡ. ಕೂಡುವುದು, ಕಳೆಯುವುದು, ಗುಣಿಸುವುದು, ಭಾಗಿಸುವುದು, ವರ್ಗಮೂಲ ತೆಗೆಯುವುದು ಬಂದರೆ ಸಾಕು. ನಾನು ಓದಿರುವುದೂ ಹಳ್ಳಿಯ ಹೈಸ್ಕೂಲಿನವರೆಗೆ ಅಷ್ಟೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಬರುವ ಯಂತ್ರದ ಬೆಲೆ, ಬೆಳೆಯ ಆದಾಯ ಎಲ್ಲವೂ ಲೆಕ್ಕ ಕಲಿಯಲು ಇಟ್ಟುಕೊಂಡ ಅಂಕಿಗಳು. ನಿಮ್ಮ ಊರಿನ ಬೆಲೆ ಬೇರೆ ಇರಬಹುದು, ನಿಮ್ಮ ಹೊಲದ ಆದಾಯ ಬೇರೆ ಇರಬಹುದು. ಅಂಕಿ ಬದಲಾಯಿಸಿಕೊಳ್ಳಿ, ಹಾದಿ ಇದೇ.

ಎರಡು ಮೋಟಾರು

ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಸಾವಿರ ಅಡಿ ದಾಟಿದ ಕೊಳವೆಬಾವಿಗಳ ಮೇಲೆ ನಮ್ಮ ಬದುಕು ನಿಂತಿದೆ. ಆದ್ದರಿಂದ ಮೋಟಾರಿನಿಂದಲೇ ಶುರು ಮಾಡೋಣ.

ಅಂಗಡಿಯಲ್ಲಿ ಎರಡು ಸಬ್‌ಮರ್ಸಿಬಲ್ ಪಂಪು ಮೋಟಾರು ತೋರಿಸುತ್ತಾರೆ ಎಂದುಕೊಳ್ಳಿ. ಮೊದಲನೆಯದು 40,000 ರೂಪಾಯಿ. 4 ವರ್ಷ ಬಾಳುತ್ತದೆ. ರಿವೈಂಡಿಂಗ್, ಮೋಟಾರು ಮೇಲೆತ್ತಿಸುವ ಕೂಲಿ ಎಲ್ಲಾ ಸೇರಿ ವರ್ಷಕ್ಕೆ 9,000 ರಿಪೇರಿ. ಎರಡನೆಯದು 70,000 ರೂಪಾಯಿ. 8 ವರ್ಷ ಬಾಳುತ್ತದೆ. ವರ್ಷಕ್ಕೆ 5,000 ರಿಪೇರಿ. ಯಾವುದು ಅಗ್ಗ?

ಬೆಲೆಚೀಟಿ ನೋಡಿದವನು ಮೊದಲನೆಯದು ಎನ್ನುತ್ತಾನೆ. ಸ್ವಲ್ಪ ಯೋಚಿಸಿದವನು ಎಂಟು ವರ್ಷದ ಲೆಕ್ಕ ಹಾಕುತ್ತಾನೆ. ಮೊದಲನೆಯದನ್ನು ಎರಡು ಸಲ ಕೊಳ್ಳಬೇಕು, 80,000. ರಿಪೇರಿ 72,000. ಒಟ್ಟು 1,52,000. ಎರಡನೆಯದಕ್ಕೆ 70,000 ಮತ್ತು ರಿಪೇರಿ 40,000, ಒಟ್ಟು 1,10,000. ಎರಡನೆಯದರಲ್ಲಿ 42,000 ಉಳಿತಾಯ ಎನ್ನುತ್ತಾನೆ. ಇವನ ಲೆಕ್ಕ ಮೊದಲಿನವನದಕ್ಕಿಂತ ಮೇಲು, ಆದರೂ ಪೂರ್ತಿಯಲ್ಲ. ಯಾಕೆಂದರೆ ಇವನು ಬಡ್ಡಿಯನ್ನು ಮರೆತಿದ್ದಾನೆ. ಇವತ್ತು ಎಣಿಸಿಕೊಡುವ ರೂಪಾಯಿಯೂ ನಾಲ್ಕು ವರ್ಷದ ಮೇಲೆ ಕೊಡುವ ರೂಪಾಯಿಯೂ ಒಂದೇ ತೂಕದವಲ್ಲ. ಇದು ಸಾಲ ತಂದ ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಬಡ್ಡಿ ವರ್ಷಕ್ಕೆ ನೂರಕ್ಕೆ 12 ಎಂದು ಹಿಡಿಯೋಣ. ಬರುವ ವರ್ಷ ಕೊಡಬೇಕಾದ 100 ರೂಪಾಯಿಗೆ ಇವತ್ತಿನ ಬೆಲೆ 100ನ್ನು 1.12ರಿಂದ ಭಾಗಿಸಿದಷ್ಟು, ಅಂದರೆ 89 ರೂಪಾಯಿ 29 ಪೈಸೆ. ಇಷ್ಟನ್ನು ಇವತ್ತು 12ರ ಬಡ್ಡಿಗೆ ಬಿಟ್ಟರೆ ವರ್ಷಕ್ಕೆ ಸರಿಯಾಗಿ ನೂರಾಗುತ್ತದೆ. ಇದೇ ಪ್ರಕಾರ ಎರಡು ವರ್ಷದ ನೂರಕ್ಕೆ 79.72, ಮೂರು ವರ್ಷದ ನೂರಕ್ಕೆ 71.18, ನಾಲ್ಕು ವರ್ಷದ ನೂರಕ್ಕೆ 63.55. ನಾಲ್ಕನ್ನೂ ಕೂಡಿ, 303.74 ಬರುತ್ತದೆ. ಇದರ ಅರ್ಥವೇನು? ವರ್ಷಕ್ಕೆ ನೂರರಂತೆ ನಾಲ್ಕು ವರ್ಷ ಕೊಡುವುದೂ ಇವತ್ತೇ 303 ರೂಪಾಯಿ 74 ಪೈಸೆ ಕೊಡುವುದೂ ಒಂದೇ. ಹಾಗಾದರೆ ಇವತ್ತು ಕೊಡುವ 40,000ವನ್ನು ನಾಲ್ಕು ವರ್ಷಕ್ಕೆ ಸಮನಾಗಿ ಹಂಚಬೇಕಾದರೆ 4ರಿಂದ ಭಾಗಿಸಬಾರದು, 3.037ರಿಂದ ಭಾಗಿಸಬೇಕು. ಸುಮಾರು 13,170 ಬರುತ್ತದೆ. ಅದಕ್ಕೆ ರಿಪೇರಿ 9,000 ಸೇರಿಸಿ. ಮೊದಲನೇ ಮೋಟಾರಿನ ವರ್ಷದ ನಿಜವಾದ ವೆಚ್ಚ 22,170.

ಎರಡನೆಯದಕ್ಕೆ ಎಂಟು ವರ್ಷ ಇದೇ ರೀತಿ ಕೂಡಿದರೆ ಭಾಜಕ 4.968. 70,000ವನ್ನು ಅದರಿಂದ ಭಾಗಿಸಿದರೆ 14,090. ರಿಪೇರಿ 5,000 ಸೇರಿ 19,090. ವರ್ಷಕ್ಕೆ 3,080 ರೂಪಾಯಿ ಉಳಿತಾಯ. ದುಬಾರಿ ಮೋಟಾರೇ ಅಗ್ಗ.

ಇದಕ್ಕೆ ಪುಸ್ತಕದವರು ವರ್ಷದ ಸಮಾನ ವೆಚ್ಚ ಎನ್ನುತ್ತಾರೆ. ಬಾಳಿಕೆ ಬೇರೆ ಬೇರೆಯಿರುವ ಯಂತ್ರಗಳನ್ನು ತಕ್ಕಡಿಯಲ್ಲಿಡಲು ಇದೇ ಸರಿಯಾದ ಬಟ್ಟು. ನಾಲ್ಕು ವರ್ಷದ್ದನ್ನೂ ಎಂಟು ವರ್ಷದ್ದನ್ನೂ ಹಾಗೇ ಎದುರೆದುರು ಇಟ್ಟು ತೂಗಬಾರದು. ಎರಡನ್ನೂ ಒಂದು ವರ್ಷಕ್ಕೆ ಇಳಿಸಿ ಆಮೇಲೆ ತೂಗಬೇಕು.

ಬಡ್ಡಿ ಬದಲಾದರೆ ಉತ್ತರವೇ ಬದಲು

ಈಗ ಕಿವಿಗೊಟ್ಟು ಕೇಳಬೇಕಾದ ಮಾತು ಬಂತು. ಮೇಲಿನ ಲೆಕ್ಕದಲ್ಲಿ ಬಡ್ಡಿ 12. ಆ ದರಕ್ಕೆ ಎಲ್ಲರಿಗೂ ಸಾಲ ಸಿಗುತ್ತದೆಯೇ? ಬ್ಯಾಂಕಿನಲ್ಲಿ ಹಳೆಯ ಬಾಕಿ ಇದ್ದವನಿಗೆ, ಪಹಣಿ ಇನ್ನೂ ತಾತನ ಹೆಸರಲ್ಲಿ ಇದ್ದವನಿಗೆ, ಗುತ್ತಿಗೆಗೆ ಹೊಲ ಮಾಡುವವನಿಗೆ ಎಲ್ಲಿ ಸಿಗುತ್ತೆ? ಅವನು ಕೈಸಾಲಕ್ಕೆ ಹೋಗುತ್ತಾನೆ. ಅಲ್ಲಿ ನೂರಕ್ಕೆ ತಿಂಗಳಿಗೆ ಎರಡು ರೂಪಾಯಿ ಎಂದರೆ ವರ್ಷಕ್ಕೆ 24. ಮೂರು ರೂಪಾಯಿ ಎಂದರೆ 36.

ಅದೇ ಎರಡು ಮೋಟಾರನ್ನು 24ರ ಬಡ್ಡಿಗೆ ಲೆಕ್ಕ ಹಾಕಿ. ಮೊದಲನೆಯದರ ವರ್ಷದ ವೆಚ್ಚ ಸುಮಾರು 25,640, ಎರಡನೆಯದರದು 25,460. ಹೆಚ್ಚುಕಡಿಮೆ ಸರಿಸಮ. 36ರ ಬಡ್ಡಿಗೆ ಹಾಕಿ. ಮೊದಲನೆಯದು 29,350, ಎರಡನೆಯದು 32,550. ಈಗ ಕಳಪೆ ಮೋಟಾರೇ ವರ್ಷಕ್ಕೆ 3,200 ಅಗ್ಗವಾಯಿತು!

ಮೋಟಾರು ಅದೇ, ಅಂಗಡಿ ಅದೇ, ಬಾವಿ ಅದೇ. ಬದಲಾಗಿದ್ದು ಬಡ್ಡಿ ಒಂದೇ. ಬಡವನು ಕಳಪೆ ಮಾಲು ಕೊಳ್ಳುತ್ತಾನೆ, ಪದೇ ಪದೇ ರಿಪೇರಿ ಮಾಡಿಸುತ್ತಾನೆ, ಅವನಿಗೆ ಮುಂದಾಲೋಚನೆ ಇಲ್ಲ ಎಂದು ಓದಿದವರು ಮಾತಾಡಿಕೊಳ್ಳುತ್ತಾರೆ. ಸ್ವಾಮಿ, ಅವನಿಗೆ ಆಲೋಚನೆ ಇದೆ. ಅವನ ಬಡ್ಡಿಯ ದರಕ್ಕೆ ಅವನ ಲೆಕ್ಕ ಸರಿಯಾಗಿಯೇ ಇದೆ. ಮೂರು ರೂಪಾಯಿ ಬಡ್ಡಿ ಮನುಷ್ಯನ ಕೈಯಿಂದ ದುಡ್ಡನ್ನಷ್ಟೇ ಕಿತ್ತುಕೊಳ್ಳುವುದಿಲ್ಲ, ಬಾಳಿಕೆ ಬರುವ ಸಾಮಾನು ಕೊಳ್ಳುವ ಯೋಗ್ಯತೆಯನ್ನೂ ಕಿತ್ತುಕೊಳ್ಳುತ್ತದೆ. ಸಹಕಾರ ಸಂಘದ ಸಾಲ ನಮಗೆ ಯಾಕೆ ಬೇಕು ಎಂದು ಯಾರಾದರೂ ಕೇಳಿದರೆ ಈ ಮೋಟಾರಿನ ಲೆಕ್ಕ ತೋರಿಸಿ.

ಕೈಯಲ್ಲಿ ರೊಕ್ಕ ಇದೆ, ಸಾಲವೇ ಬೇಡ ಎನ್ನುವವರೂ ಇದನ್ನು ಗಮನಿಸಬೇಕು. ಕೈಯ ದುಡ್ಡಿಗೂ ಬಡ್ಡಿ ಉಂಟು. ಮನೆಯಲ್ಲಿ 36ರ ಬಡ್ಡಿಯ ಹಳೆಯ ಕೈಸಾಲ ಇಟ್ಟುಕೊಂಡು ನಗದು ಕೊಟ್ಟು ಯಂತ್ರ ತಂದರೆ ಆ ನಗದಿನ ಬಡ್ಡಿ 36 ಎಂದೇ ತಿಳಿಯಬೇಕು. ಆ ದುಡ್ಡಿನಲ್ಲಿ ಮೊದಲು ಸಾಲ ತೀರಿಸಬಹುದಿತ್ತು, ಅಲ್ವಾ? ಸಬ್ಸಿಡಿಯ ವಿಷಯದಲ್ಲೂ ಅಷ್ಟೇ. ಇಷ್ಟು ಪರ್ಸೆಂಟು ಸಬ್ಸಿಡಿ ಎಂಬ ಮಾತಿಗೆ ಮರುಳಾಗದೆ, ಸಬ್ಸಿಡಿ ಕಳೆದ ಮೇಲೆ ನಿಮ್ಮ ಜೇಬಿನಿಂದ ಹೋಗುವುದೆಷ್ಟು, ಅದೇ ಯಂತ್ರ ಹೊರಗಿನ ಅಂಗಡಿಯಲ್ಲಿ ಎಷ್ಟಕ್ಕೆ ಸಿಗುತ್ತದೆ, ಎರಡನ್ನೂ ಕೇಳಿಕೊಂಡು ಲೆಕ್ಕಕ್ಕೆ ಕೂರಿ.

ಮನೆ ಮುಂದಿನ ಟ್ರ್ಯಾಕ್ಟರು

ಇದೇ ಬಟ್ಟಿನಲ್ಲಿ ಟ್ರ್ಯಾಕ್ಟರು ತೂಗೋಣ. ಉಪಕರಣ ಸೇರಿ 8,00,000 ಬೆಲೆ. 10 ವರ್ಷ ಇಟ್ಟುಕೊಂಡು 2,50,000ಕ್ಕೆ ಮಾರುತ್ತೀರಿ. 12ರ ಬಡ್ಡಿಯಲ್ಲಿ ಹತ್ತು ವರ್ಷದ ಮೇಲೆ ಬರುವ 2,50,000ಕ್ಕೆ ಇವತ್ತಿನ ಬೆಲೆ 80,500 ಮಾತ್ರ. ಅದನ್ನು ಕಳೆದರೆ 7,19,500. ಹತ್ತು ವರ್ಷದ ಭಾಜಕ 5.65. ಭಾಗಿಸಿದರೆ ವರ್ಷಕ್ಕೆ 1,27,300. ವಿಮೆ, ಟೈರು, ರಿಪೇರಿ 32,000 ಸೇರಿಸಿದರೆ 1,59,300. ಟ್ರ್ಯಾಕ್ಟರು ಅಂಗಳ ಬಿಟ್ಟು ಕದಲದಿದ್ದರೂ ಬೀಳುವ ಖರ್ಚು ಇದು.

ಇನ್ನು ಓಡಿದಾಗಿನ ಖರ್ಚು. ಡೀಸೆಲ್, ಆಯಿಲ್, ಡ್ರೈವರ್ ಸೇರಿ ಗಂಟೆಗೆ 500. ಊರಲ್ಲಿ ಬಾಡಿಗೆ ಗಂಟೆಗೆ 1,000. ಅಂದರೆ ಸ್ವಂತ ಟ್ರ್ಯಾಕ್ಟರಿನಿಂದ ಗಂಟೆಗೆ ಉಳಿಯುವುದು 500. ವರ್ಷದ ಖರ್ಚು 1,59,300ನ್ನು 500ರಿಂದ ಭಾಗಿಸಿ. 319 ಗಂಟೆ ಓಡಿದರೆ ಮಾತ್ರ ಅಸಲು. ಐದು ಎಕರೆಯವನಿಗೆ ಎಕರೆಗೆ ಹತ್ತು ಗಂಟೆಯಂತೆ ವರ್ಷಕ್ಕೆ 50 ಗಂಟೆ ಕೆಲಸ. ಆ ಐವತ್ತೇ ಗಂಟೆಗೆ ಇಟ್ಟುಕೊಂಡರೆ ಗಂಟೆಗೆ ಬೀಳುವ ವೆಚ್ಚ 3,686. ಪಕ್ಕದ ಮನೆಯವನು ಸಾವಿರಕ್ಕೆ ಉತ್ತುಕೊಡುತ್ತಾನೆ.

ಮಿಕ್ಕ 269 ಗಂಟೆ ಬಾಡಿಗೆಗೆ ಓಡಿಸುತ್ತೇನೆ ಎನ್ನುತ್ತೀರಿ. ಓಡಿಸಬಹುದು. ಆದರೆ ಎರಡು ಪ್ರಶ್ನೆಗೆ ಉತ್ತರ ಹುಡುಕಿ. ಒಂದು, ನಿಮ್ಮೂರಿನಲ್ಲಿ ಈಗಾಗಲೇ ಎಷ್ಟು ಟ್ರ್ಯಾಕ್ಟರು ಇವೆ? ಮುಂಗಾರಿನ ಹದ ಎಲ್ಲರ ಹೊಲಕ್ಕೂ ಒಂದೇ ವಾರ ಬರುತ್ತದೆ. ಆ ವಾರ ನಿಮಗೂ ಬಿಡುವಿಲ್ಲ. ಹದ ಹೋದ ಮೇಲೆ ಯಾರಿಗೂ ಬೇಕಿಲ್ಲ. ಎರಡು, ಮಳೆ ಬಾರದ ವರ್ಷ ಬಾಡಿಗೆಗೆ ಕರೆಯುವವರು ಯಾರು? ನಿಮ್ಮ ಬೆಳೆ ಒಣಗಿದ ವರ್ಷವೇ ಬಾಡಿಗೆಯೂ ಒಣಗುತ್ತದೆ. ಕಂತು ಮಾತ್ರ ಒಣಗುವುದಿಲ್ಲ. 2014-15ರಿಂದ ನಮ್ಮ ರಾಜ್ಯದಲ್ಲಿ ಹೋಬಳಿ ಮಟ್ಟದಲ್ಲಿ ಕೃಷಿ ಯಂತ್ರಧಾರೆ ಎಂಬ ಬಾಡಿಗೆ ಕೇಂದ್ರಗಳು ಶುರುವಾಗಿದ್ದು ಇದೇ ಕಾರಣಕ್ಕೆ. ನಿಮ್ಮ ಹೋಬಳಿಯ ಕೇಂದ್ರದಲ್ಲಿ ಯಂತ್ರ ಹದದ ಹೊತ್ತಿಗೆ ಸಿಗದಿದ್ದರೆ ಅದನ್ನು ನಾವೆಲ್ಲ ಸೇರಿ ಕೇಳಬೇಕು. ಅದಕ್ಕಾಗಿ ಒಬ್ಬೊಬ್ಬರೂ ಎಂಟು ಲಕ್ಷ ಮೈಮೇಲೆ ಎಳೆದುಕೊಳ್ಳಬೇಕಾಗಿಲ್ಲ.

ಬೆಳೆ ಒಣಗಿದ ವರ್ಷವೇ ಬಾಡಿಗೆಯೂ ಒಣಗುತ್ತದೆ ಎಂದೆನಲ್ಲ, ಎರಡನೇ ಪಾಠ ಇರುವುದು ಆ ಮಾತಿನಲ್ಲೇ.

ಸರಾಸರಿ ನಂಬಿ ಕೆಟ್ಟವರು

ನಮ್ಮ ಕಡೆ ಟೊಮೇಟೊ ಬೆಳೆಯದ ಊರಿಲ್ಲ. 2023ರ ಜುಲೈನಲ್ಲಿ ಕೋಲಾರದ ಮಾರುಕಟ್ಟೆಯಲ್ಲಿ 15 ಕಿಲೋ ಬಾಕ್ಸು 2,000 ರೂಪಾಯಿ ದಾಟಿದ್ದನ್ನು ನೀವೆಲ್ಲ ಕಂಡಿದ್ದೀರಿ. ಅದೇ ಸೆಪ್ಟೆಂಬರಿನ ಹೊತ್ತಿಗೆ ಬೆಲೆ ನೆಲ ಕಚ್ಚಿದ್ದನ್ನೂ ಕಂಡಿದ್ದೀರಿ. ಟೊಮೇಟೊಗೆ ಬೆಂಬಲ ಬೆಲೆ ಇಲ್ಲ. ಇಂಥ ಬೆಳೆಯ ಆದಾಯವನ್ನು ಒಂದೇ ಅಂಕಿಯಲ್ಲಿ ಹೇಳಿದರೆ ಅರ್ಧ ಸತ್ಯ ಮಾತ್ರ ಹೇಳಿದಂತೆ.

ಮೂರು ಬೆಳೆ ತೆಗೆದುಕೊಳ್ಳೋಣ. ಟೊಮೇಟೊ, ದಪ್ಪ ಮೆಣಸಿನಕಾಯಿ, ಹಿಪ್ಪುನೇರಳೆ ಅಂದರೆ ರೇಷ್ಮೆ. ಖರ್ಚು ಕಳೆದು ಎಕರೆಗೆ ಉಳಿದದ್ದು, ಐದು ವರ್ಷದ್ದು, ಸಾವಿರ ರೂಪಾಯಿಗಳಲ್ಲಿ ಹೀಗಿದೆ ಎಂದಿಟ್ಟುಕೊಳ್ಳಿ:

ಟೊಮೇಟೊ: 120, ನಷ್ಟ 40, 60, ನಷ್ಟ 30, 90.
ದಪ್ಪ ಮೆಣಸಿನಕಾಯಿ: 100, ನಷ್ಟ 30, 50, ನಷ್ಟ 20, 100.
ಹಿಪ್ಪುನೇರಳೆ: 30, 55, 25, 50, 40.

ಮೂರರ ಸರಾಸರಿಯೂ 40,000ವೇ. ಸರಾಸರಿ ಮಾತ್ರ ಕೇಳುವವನಿಗೆ ಮೂರು ಬೆಳೆಯೂ ಒಂದೇ. ಆದರೆ ಎರಡನೇ ವರ್ಷ ಯಾರ ಮನೆಯಲ್ಲಿ ಒಲೆ ಉರಿಯಿತು, ಯಾರ ಮನೆಯ ಒಡವೆ ಗಿರವಿ ಅಂಗಡಿಗೆ ಹೋಯಿತು ಎಂಬುದು ಸರಾಸರಿಯಲ್ಲಿ ಕಾಣುವುದಿಲ್ಲ.

ಈ ಏರಿಳಿತವನ್ನು ಅಳೆಯಲು ಒಂದು ಕೋಲು ಇದೆ. ಲೆಕ್ಕದ ಪುಸ್ತಕದಲ್ಲಿ ಮಾನಕ ವಿಚಲನೆ ಎಂಬ ಪಾಠ ಇದೆಯಲ್ಲ, ಅದೇ. ನಿಮ್ಮ ಮನೆಯ ಮಕ್ಕಳನ್ನು ಕೂರಿಸಿಕೊಂಡು ಮಾಡಿಸಿ. ಟೊಮೇಟೊ ಪ್ರತಿ ವರ್ಷ ಸರಾಸರಿಯಿಂದ ಎಷ್ಟು ದೂರ ಹೋಯಿತು ನೋಡಿ: 80 ಮೇಲೆ, 80 ಕೆಳಗೆ, 20 ಮೇಲೆ, 70 ಕೆಳಗೆ, 50 ಮೇಲೆ. ಇವುಗಳ ವರ್ಗ ಮಾಡಿ ಕೂಡಿದರೆ 20,600. ಐದರಿಂದ ಭಾಗಿಸಿದರೆ 4,120. ವರ್ಗಮೂಲ ತೆಗೆದರೆ 64. ಅಂದರೆ ಟೊಮೇಟೊ ಎಕರೆಗೆ 40,000 ಕೊಡುತ್ತದೆ, ಆದರೆ ಆ ಕಡೆ ಈ ಕಡೆ ಸುಮಾರು 64,000 ತೂಗಾಡುತ್ತದೆ. ದಪ್ಪ ಮೆಣಸಿನಕಾಯಿಯ ತೂಗಾಟ 56,000. ಹಿಪ್ಪುನೇರಳೆಯದು 11,000 ಚಿಲ್ಲರೆ. ಸರಾಸರಿ ಒಂದೇ, ಅಪಾಯ ಆರು ಪಟ್ಟು ವ್ಯತ್ಯಾಸ.

ಜೊತೆಗೆ ಬೀಳುವ ಬೆಳೆ, ಜೊತೆಗೆ ಬೀಳದ ಬೆಳೆ

ಒಂದೇ ಬೆಳೆ ನಂಬಬಾರದು, ಎರಡು ಬೆಳೆ ಇಡಬೇಕು ಎಂದು ಎಲ್ಲರೂ ಹೇಳುತ್ತಾರೆ. ಕೃಷಿ ಇಲಾಖೆಯವರೂ ಹೇಳುತ್ತಾರೆ. ಆದರೆ ಯಾವ ಎರಡು ಎಂದು ಹೇಳುವವರು ಕಡಿಮೆ.

ಎರಡು ಎಕರೆಯವನು ಒಂದು ಎಕರೆ ಟೊಮೇಟೊ, ಒಂದು ಎಕರೆ ದಪ್ಪ ಮೆಣಸಿನಕಾಯಿ ಇಡುತ್ತಾನೆ. ಐದು ವರ್ಷದ ಒಟ್ಟು: 220, ನಷ್ಟ 70, 110, ನಷ್ಟ 50, 190. ಸರಾಸರಿ 80. ತೂಗಾಟ ಲೆಕ್ಕ ಹಾಕಿದರೆ 120. ಬಿಡಿಬಿಡಿಯಾಗಿ 64 ಮತ್ತು 56 ಇತ್ತು. ಕೂಡಿದರೂ 120, ಜೊತೆಗಿಟ್ಟರೂ 120. ಎರಡು ಬೆಳೆ ಇಟ್ಟದ್ದರಿಂದ ಅಪಾಯ ಕೂದಲೆಳೆಯಷ್ಟೂ ಇಳಿಯಲಿಲ್ಲ! ಯಾಕೆ? ಎರಡಕ್ಕೂ ಒಂದೇ ಬಾವಿ, ಎರಡಕ್ಕೂ ಅದೇ ನುಸಿ, ಎರಡೂ ಹೋಗುವುದು ಅದೇ ಗಾಡಿಯಲ್ಲಿ ಅದೇ ಪೇಟೆಗೆ. ಒಂದು ಬಿದ್ದಾಗ ಇನ್ನೊಂದೂ ಬೀಳುತ್ತದೆ. ಹೆಸರಿಗೆ ಎರಡು ಬೆಳೆ, ಲೆಕ್ಕಕ್ಕೆ ಒಂದೇ.

ಇನ್ನೊಬ್ಬನು ಒಂದು ಎಕರೆ ಟೊಮೇಟೊ, ಒಂದು ಎಕರೆ ಹಿಪ್ಪುನೇರಳೆ ಇಡುತ್ತಾನೆ. ಒಟ್ಟು: 150, 15, 85, 20, 130. ಸರಾಸರಿ ಅದೇ 80. ತೂಗಾಟ 55. ಸ್ವಲ್ಪ ನಿಲ್ಲಿ, ಇದನ್ನು ಮತ್ತೊಂದು ಸಲ ನೋಡಿ. ಒಂದು ಎಕರೆ ಟೊಮೇಟೊದ ತೂಗಾಟವೇ 64 ಇತ್ತು. ಅದರ ಜೊತೆಗೆ ಇನ್ನೊಂದು ಎಕರೆ ಸೇರಿಸಿದರೆ ಎರಡೂ ಎಕರೆಯದು ಸೇರಿ 55ಕ್ಕೆ ಇಳಿಯಿತು. ಐದು ವರ್ಷದಲ್ಲಿ ಒಂದು ವರ್ಷವೂ ನಷ್ಟವಿಲ್ಲ. ಹೀಗೆ ಎರಡು ಆದಾಯಗಳು ಎಷ್ಟರಮಟ್ಟಿಗೆ ಜೊತೆಜೊತೆಗೆ ಏಳುತ್ತವೆ, ಬೀಳುತ್ತವೆ ಎಂಬುದಕ್ಕೆ ಸಹಸಂಬಂಧ ಎಂದು ಹೆಸರು.

ಅಮೆರಿಕದಲ್ಲಿ ಹ್ಯಾರಿ ಮಾರ್ಕೋವಿಟ್ಜ್ ಎಂಬಾತ 1952ರಲ್ಲಿ ಷೇರುಗಳ ವಿಷಯದಲ್ಲಿ ಇದನ್ನೇ ಗಣಿತದಲ್ಲಿ ಬರೆದು ತೋರಿಸಿದರು. ಒಂದು ಷೇರನ್ನು ಒಂಟಿಯಾಗಿ ಅಳೆಯಬೇಡಿ, ನಿಮ್ಮ ಬಳಿ ಇರುವ ಮಿಕ್ಕ ಷೇರುಗಳ ಜೊತೆ ಅದು ಹೇಗೆ ನಡೆಯುತ್ತದೆ ಎಂದು ಅಳೆಯಿರಿ ಎಂಬುದು ಅದರ ಸಾರ. ಆ ಕೆಲಸಕ್ಕೆ 1990ರಲ್ಲಿ, ಇನ್ನಿಬ್ಬರೊಂದಿಗೆ, ಅರ್ಥಶಾಸ್ತ್ರದ ನೊಬೆಲ್ ಬಂತು. ಷೇರುಪೇಟೆಯವರು ಆ ಗಂಟಿಗೆ ಪೋರ್ಟ್‌ಫೋಲಿಯೋ ಎನ್ನುತ್ತಾರೆ. ನಮ್ಮ ಹಿರಿಯರು ರಾಗಿ ಹೊಲದಲ್ಲಿ ಅಕ್ಕಡಿ ಸಾಲು ಹಾಕಿ ಅವರೆ, ತೊಗರಿ, ಹುಚ್ಚೆಳ್ಳು ಬಿತ್ತುತ್ತಿದ್ದರಲ್ಲ, ಅದೂ ಅದೇ ಗಂಟು. ರಾಗಿಯ ಬೇರು ಮೇಲೆ ಮೇಲೆ, ತೊಗರಿಯ ಬೇರು ಆಳಕ್ಕೆ. ರಾಗಿ ಕೊಯ್ಲಾದ ಮೇಲೂ ತೊಗರಿ ನಿಂತಿರುತ್ತದೆ. ಮುಂದಿನ ಮಳೆ ತಪ್ಪಿದರೆ ಒಂದು, ಹಿಂದಿನ ಮಳೆ ತಪ್ಪಿದರೆ ಇನ್ನೊಂದು. ಅವರು ವರ್ಗಮೂಲ ತೆಗೆಯಲಿಲ್ಲ, ಆದರೆ ಜೊತೆಗೆ ಬೀಳದ ಬೆಳೆಗಳನ್ನೇ ಜೊತೆಗೆ ಬಿತ್ತಿದರು.

ಇಲ್ಲಿ ಎರಡು ಎಚ್ಚರಿಕೆ. ಮೇಲಿನ ಉದಾಹರಣೆಯಲ್ಲಿ ಟೊಮೇಟೊ ಬಿದ್ದ ವರ್ಷವೇ ರೇಷ್ಮೆ ಎದ್ದಿದೆ. ಪಾಠ ತಿಳಿಯಲೆಂದು ಹಾಗೆ ಜೋಡಿಸಿದೆ. ಹೊಲದಲ್ಲಿ ಅಷ್ಟು ನೇರ್ಪಾಗಿ ನಡೆಯುವುದಿಲ್ಲ. ಆದರೂ ಒಂದು ತರಕಾರಿ ಪೇಟೆಗೆ, ಒಂದು ಗೂಡಿನ ಮಾರುಕಟ್ಟೆಗೆ, ಒಂದು ಹಾಲಿನ ಡೇರಿಗೆ ಹೋದರೆ ಮೂರೂ ಒಂದೇ ದಿನ ನೆಲ ಕಚ್ಚುವುದು ಅಪರೂಪ. ಎರಡನೆಯದು, ಟೊಮೇಟೊಗೆ ಹೊಡೆದ ಔಷಧಿ ಗಾಳಿಯಲ್ಲಿ ಹಿಪ್ಪುನೇರಳೆ ಸೊಪ್ಪಿನ ಮೇಲೆ ಕೂತರೆ ಹುಳು ಸಾಯುತ್ತದೆ. ಕಾಗದದ ಮೇಲೆ ಬೇರೆಬೇರೆ ಇರುವ ಎರಡು ಬೆಳೆ ಬದುವಿನ ಮೇಲೆ ಒಂದಕ್ಕೊಂದು ತಗುಲುತ್ತವೆ. ಗಾಳಿಯ ದಿಕ್ಕು ನೋಡಿ, ನಡುವೆ ಜಾಗ ಬಿಟ್ಟು ಇಡಿ.

ಬೋರು ಒಣಗಿದರೆ

ಬೆಳೆ ಬದಲಿಸಿ ತಪ್ಪಿಸಿಕೊಳ್ಳಲಾಗದ ಅಪಾಯವೂ ಒಂದಿದೆ. ಕೊಳವೆಬಾವಿ ಒಣಗಿದ ದಿನ ಟೊಮೇಟೊ, ಹಿಪ್ಪುನೇರಳೆ, ಹಸುವಿನ ಮೇವು ಮೂರೂ ಒಟ್ಟಿಗೆ ಒಣಗುತ್ತವೆ. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಸರ್ಕಾರವೇ ಬರಪೀಡಿತ ಎಂದು ಸಾರಿತು. ಅಂಥ ವರ್ಷದಲ್ಲಿ ಹತ್ತು ಬೆಳೆ ಇಟ್ಟವನೂ ತಪ್ಪಿಸಿಕೊಳ್ಳಲಾರ. ಷೇರುಪೇಟೆಯಲ್ಲೂ ಹೀಗೇ. ಒಂದು ಕಂಪನಿ ಬೀಳುವ ಅಪಾಯವನ್ನು ಹತ್ತು ಕಂಪನಿಗೆ ಹಂಚಿ ಕಳೆಯಬಹುದು. ಇಡೀ ಪೇಟೆ ಬೀಳುವ ಅಪಾಯವನ್ನು ಹಂಚಿ ಕಳೆಯಲಾಗದು.

ಇಂಥ ಅಪಾಯಕ್ಕೆ ಹೊಲದ ಹೊರಗಿನ ಊರುಗೋಲೇ ಬೇಕು. ಬೆಳೆ ವಿಮೆ ಒಂದು. 2016ರ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರಿನ ಆಹಾರ ಬೆಳೆಗೆ ರೈತ ಕಟ್ಟುವ ಪಾಲು ವಿಮಾ ಮೊತ್ತದ ನೂರಕ್ಕೆ 2, ತೋಟಗಾರಿಕೆ ಮತ್ತು ವಾಣಿಜ್ಯ ಬೆಳೆಗೆ ನೂರಕ್ಕೆ 5. ನಿಮ್ಮ ಬೆಳೆ ನಿಮ್ಮ ಪಂಚಾಯಿತಿಗೆ ಪಟ್ಟಿಯಲ್ಲಿ ಇದೆಯೇ ಎಂದು ಬಿತ್ತುವ ಮೊದಲೇ ವಿಚಾರಿಸಿ. ಬೆಂಬಲ ಬೆಲೆ ಇನ್ನೊಂದು. 2025-26ಕ್ಕೆ ರಾಗಿಗೆ ಕ್ವಿಂಟಲಿಗೆ 4,886 ರೂಪಾಯಿ ಸಾರಿದ್ದಾರೆ. ಮಳೆಯಾಶ್ರಿತ ಒಂದು ತುಂಡು ರಾಗಿ, ಬಾವಿ ಒಣಗಿದರೂ ಮನೆಗೆ ಹಿಟ್ಟು, ದನಕ್ಕೆ ಹುಲ್ಲು ಕೊಡುತ್ತದೆ. ಅದರ ಲಾಭ ಸಣ್ಣದು ಎಂದು ತೆಗೆದುಹಾಕಬೇಡಿ. ಅದು ಇಡೀ ಗಂಟಿನ ತೂಗಾಟವನ್ನು ಹಿಡಿಯುವ ಲಂಗರು.

ಕಂತನ್ನು ಕೆಟ್ಟ ವರ್ಷದ ಮುಂದೆ ನಿಲ್ಲಿಸಿ

ಈಗ ಎರಡೂ ಪಾಠಗಳನ್ನು ಒಂದು ಮಾಡೋಣ. ಕಾಲೇಜಿನಲ್ಲಿ ಇವನ್ನು ಬೇರೆ ಬೇರೆ ಹೇಳಿಕೊಡುತ್ತಾರೆ. ನಮ್ಮ ಮನೆಯಲ್ಲಿ ಇವು ಬೇರೆಯಲ್ಲ.

ಅದೇ ಎರಡು ಎಕರೆಯವನು ಪವರ್ ಟಿಲ್ಲರ್ ಕೊಳ್ಳಲು 1,80,000 ಸಾಲ ತರುತ್ತಾನೆ. ಬಡ್ಡಿ 12, ಐದು ವರ್ಷ. ಐದು ವರ್ಷದ ಭಾಜಕ 3.605. ಭಾಗಿಸಿದರೆ ವರ್ಷಕ್ಕೆ ಹತ್ತಿರ ಹತ್ತಿರ 50,000 ಕಂತು. ಸರಾಸರಿ ಆದಾಯ 80,000, ಕಂತು 50,000, ಇನ್ನೂ 30,000 ಮಿಗುತ್ತದೆ ಎಂದು ಡೀಲರೂ ಹೇಳುತ್ತಾನೆ, ಸಾಲದ ಅರ್ಜಿಯಲ್ಲೂ ಹಾಗೇ ಬರೆಯುತ್ತಾರೆ.

ಅವನು ಟೊಮೇಟೊ, ದಪ್ಪ ಮೆಣಸಿನಕಾಯಿ ಇಟ್ಟವನಾದರೆ ಏನಾಗುತ್ತದೆ ನೋಡಿ. ಮೊದಲ ವರ್ಷ 220 ಬಂದು, ಅದರಲ್ಲಿ ಒಂದು ಪೈಸೆಯೂ ಖರ್ಚು ಮಾಡದೆ ಇಟ್ಟಿದ್ದರೆ, ಹೇಗೋ ಐದು ವರ್ಷ ದಾಟುತ್ತಾನೆ. ಆದರೆ ಟಿಲ್ಲರ್ ತಂದ ವರ್ಷವೇ ಆ ಎರಡನೇ ವರ್ಷವಾದರೆ? ಬೆಳೆಯಲ್ಲಿ ನಷ್ಟ 70,000. ಕಂತು 50,000. ಒಟ್ಟು 1,20,000 ಕೈಸಾಲ, ಮೂರು ರೂಪಾಯಿ ಬಡ್ಡಿಗೆ. ಬರುವ ವರ್ಷಕ್ಕೆ ಬಡ್ಡಿಯೇ 43,200, ಹೆಚ್ಚುಕಡಿಮೆ ಇನ್ನೊಂದು ಕಂತು. ಆ ವರ್ಷ 1,10,000 ಬಂತು. ಕಂತು, ಬಡ್ಡಿ ಕಳೆದು ಅಸಲಿಗೆ ಹೋದದ್ದು 16,800. ಮಿಕ್ಕ ಅಸಲು 1,03,200. ಅದರ ಮುಂದಿನ ವರ್ಷ ಮತ್ತೆ ನಷ್ಟ 50,000, ಮತ್ತೆ ಕಂತು 50,000, ಬಡ್ಡಿ 37,000 ಚಿಲ್ಲರೆ. ಮೂರು ವರ್ಷದ ಕೊನೆಗೆ ಕೈಸಾಲ 2,40,000 ದಾಟಿತು. ಟಿಲ್ಲರಿಗೆ ತಂದ ಸಾಲಕ್ಕಿಂತ ಅದೇ ದೊಡ್ಡದಾಯಿತು. ಇನ್ನೂ ಮನೆಯವರು ಒಂದು ಹೊತ್ತು ಊಟ ಮಾಡಿದ ಖರ್ಚು ಹಾಕಿಲ್ಲ, ಮಕ್ಕಳ ಫೀಸು ಹಾಕಿಲ್ಲ.

ಅವೇ ವರ್ಷಗಳು, ಅದೇ ಸರಾಸರಿ. ಬಂದ ಸರದಿ ಮಾತ್ರ ಬೇರೆ. ಆ ಸರದಿ ನಮ್ಮ ಕೈಯಲ್ಲಿಲ್ಲ.

ಟೊಮೇಟೊ, ಹಿಪ್ಪುನೇರಳೆ ಇಟ್ಟವನಿಗೂ ಅದೇ ಸರದಿ ಬರಲಿ. ಮೊದಲ ವರ್ಷ 15,000 ಬಂತು, ಕಂತಿಗೆ 35,000 ಕಡಿಮೆ ಬಿತ್ತು. ಅವನೂ ಅದೇ ಮೂರು ರೂಪಾಯಿ ಬಡ್ಡಿಗೆ ತಂದ. ಲೆಕ್ಕ ಎಳೆದುಕೊಂಡು ಹೋದರೆ ಅವನ ಕೈಸಾಲ ಎಂದೂ 48,000 ಮುಟ್ಟುವುದಿಲ್ಲ, ನಾಲ್ಕನೇ ವರ್ಷ 1,30,000 ಬಂದಾಗ ಪೂರ್ತಿ ತೀರುತ್ತದೆ. ಮನೆ ಖರ್ಚಿಗೆ ಹಾಲಿನ ಬಟವಾಡೆ ಇದ್ದರೆ ಇವನು ದಡ ಸೇರುತ್ತಾನೆ. ಇಬ್ಬರಿಗೂ ಒಂದೇ ಜಮೀನು, ಒಂದೇ ಯಂತ್ರ, ಒಂದೇ ಬಡ್ಡಿ, ಒಂದೇ ಸರಾಸರಿ. ಒಬ್ಬನ ಪಹಣಿಯಲ್ಲಿ ಋಣದ ನಮೂದು ಉಳಿಯುತ್ತದೆ, ಇನ್ನೊಬ್ಬನದು ಅಳಿಸುತ್ತದೆ.

ಆದ್ದರಿಂದ ನನ್ನ ಮಾತಿನ ತಿರುಳು ಇಷ್ಟೇ. ಯಂತ್ರ ಕೊಳ್ಳುವ ಮೊದಲು ಕಂತನ್ನು ಒಳ್ಳೆಯ ವರ್ಷದ ಮುಂದೆ ನಿಲ್ಲಿಸಬೇಡಿ, ಸರಾಸರಿಯ ಮುಂದೆಯೂ ನಿಲ್ಲಿಸಬೇಡಿ. ನಿಮ್ಮ ಹಿಂದಿನ ಐದು ವರ್ಷಗಳಲ್ಲಿ ಅತಿ ಕೆಟ್ಟ ವರ್ಷ ಯಾವುದೋ ಅದರ ಮುಂದೆ ನಿಲ್ಲಿಸಿ. ಆ ವರ್ಷದ ಆದಾಯ ಮತ್ತು ಕೈಯಲ್ಲಿರುವ ಉಳಿತಾಯ ಸೇರಿ ಕಂತನ್ನೂ ಮನೆ ಖರ್ಚನ್ನೂ ಹೊರುತ್ತವೆಯೇ? ಹೊತ್ತರೆ ಧೈರ್ಯವಾಗಿ ಕೊಳ್ಳಿ. ಹೊರದಿದ್ದರೆ ಬಾಡಿಗೆಗೆ ತನ್ನಿ, ನಾಲ್ಕು ಜನ ಕೂಡಿ ಕೊಳ್ಳಿ, ಇಲ್ಲವೇ ಮೊದಲು ಬೆಳೆಯ ಗಂಟನ್ನು ಸರಿಮಾಡಿಕೊಳ್ಳಿ. ಸಾಲ ಮಾಡಲೇಬೇಕಾದರೆ ಕಂತಿನ ತಾರೀಕು ಬೆಳೆ ಕೈಗೆ ಬರುವ ತಿಂಗಳಿಗೆ ಬೀಳುವಂತೆ ಬ್ಯಾಂಕಿನಲ್ಲಿ ಸಹಿ ಹಾಕುವ ಮೊದಲೇ ಕೇಳಿ. ಸಹಿ ಹಾಕಿದ ಮೇಲೆ ಕೇಳಿದರೆ ಕಿವಿಗೆ ಹಾಕಿಕೊಳ್ಳುವವರು ಯಾರೂ ಇರುವುದಿಲ್ಲ.

ಇದಕ್ಕೆಲ್ಲ ಮೊದಲು ಬೇಕಾದದ್ದು ಒಂದು ನೋಟ್ ಪುಸ್ತಕ. ಯಾವ ಬೆಳೆಗೆ ಎಷ್ಟು ಖರ್ಚಾಯಿತು, ಎಷ್ಟು ಬಂತು, ಮೋಟಾರು ಯಾವತ್ತು ಸುಟ್ಟಿತು, ಎತ್ತಿಸಿದ ಕೂಲಿ ಎಷ್ಟು, ಬರೆದಿಡಿ. ಹಾಲಿನ ಲೆಕ್ಕ ಬರೆಯುವ ಅಕ್ಕ ತಂಗಿಯರು ಇದನ್ನು ಗಂಡಸರಿಗಿಂತ ಚೆನ್ನಾಗಿ ಬರೆಯುತ್ತಾರೆ, ಅವರ ಕೈಗೆ ಕೊಡಿ. ಐದು ವರ್ಷದ ಬರಹ ಇರುವ ರೈತನ ಮುಂದೆ ಡೀಲರನ ಬಾಯಿಯೂ ನಡೆಯದು, ಬ್ಯಾಂಕಿನವನ ಸರಾಸರಿಯೂ ನಡೆಯದು. ನಾಳೆ ಬೆಲೆ ಕೇಳಲು ಸರ್ಕಾರದ ಮುಂದೆ ನಿಂತಾಗಲೂ ಆ ಪುಸ್ತಕವೇ ನಮ್ಮ ಸಾಕ್ಷಿ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದರು. ನಮ್ಮ ಹಾಸಿಗೆ ಒಂದು ವರ್ಷ ಆರಡಿ, ಒಂದು ವರ್ಷ ಮೂರಡಿ. ಮೂರಡಿಯ ವರ್ಷವನ್ನು ಅಳೆದುಕೊಂಡು ಕಾಲು ಚಾಚೋಣ.